ಐದು ವರ್ಷದ ಮಗುವನ್ನು ಗಾಳ ಹಾಕಲು ಕೆರೆಗೆ ಕರೆದೊಯ್ಯಬಹುದೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಊರು ತೀರ್ಥಹಳ್ಳಿಯ ಕಡೆ. ಈಗ ಯಲಹಂಕದ ಬಳಿ ವಾಸವಾಗಿದ್ದೇವೆ. ನನ್ನ ಮಗಳಿಗೆ ಇನ್ನೇನು ಐದು ತುಂಬಲಿದೆ. ಊರಿನಲ್ಲಿ ಅಜ್ಜ ಗಾಳ ಹಾಕುವುದನ್ನು ನೋಡಿ ಬಂದ ಮೇಲೆ ತನಗೂ ಒಂದು ಗಾಳ ಬೇಕು, ತಾನೂ ಮೀನು ಹಿಡಿಯಬೇಕು ಎಂದು ಹಟ ಹಿಡಿದಿದ್ದಾಳೆ. ಊರಿಗೆ ಪದೇ ಪದೇ ಹೋಗುವುದು ಆಗದ ಮಾತು. ಆದ್ದರಿಂದ ಇಲ್ಲಿಯೇ, ಮನೆಗೆ ಹತ್ತಿರದ ಸಣ್ಣ ಕೆರೆ ಅಥವಾ ಕುಂಟೆಯ ದಂಡೆಯಲ್ಲಿ ಭಾನುವಾರ ಬೆಳಗ್ಗೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಳ ಹಾಕಬಹುದೇ ಎಂದು ಯೋಚಿಸುತ್ತಿದ್ದೇನೆ.

ನಗರದ ಕೆರೆಗಳಲ್ಲಿ ಹೀಗೆ ಗಾಳ ಹಾಕಲು ಯಾರ ಅನುಮತಿ ಬೇಕು? ಈ ವಯಸ್ಸಿನ ಮಗುವಿನ ಸುರಕ್ಷತೆಗೆ ಏನೇನು ಮಾಡಬೇಕು? ಸಿಕ್ಕ ಮೀನನ್ನು ಮನೆಗೆ ತಂದು ಸಾರು ಮಾಡಬಹುದೇ? ಈ ಬಗ್ಗೆ ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಸಹಕಾರನಗರ_ನಿವಾಸಿ

ನಮ್ಮ ಸುತ್ತಮುತ್ತಲಿನ ಬಹುತೇಕ ಕೆರೆಗಳ ಗೇಟಿನಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ ಎಂಬ ಫಲಕವಿದೆ. ಗಾಳದ ಕೋಲು ಕೈಯಲ್ಲಿದ್ದರೆ ಕಾವಲುಗಾರರು ಒಳಗೆ ಬಿಡುವುದೇ ಇಲ್ಲ.

ಕೆರೆ_ಕಾಳಜಿ

ಫಲಕದ ಹಿಂದಿರುವ ಕಾರಣವನ್ನೂ ಹೇಳಬೇಕು, ಇಲ್ಲದಿದ್ದರೆ ಅದು ಕೇವಲ ಅಧಿಕಾರಿಗಳ ಹಟದಂತೆ ಕಾಣುತ್ತದೆ. ಕೆರೆಯಲ್ಲಿರುವ ಮೀನು ತಾನಾಗಿ ಹುಟ್ಟಿದ್ದು, ಆದ್ದರಿಂದ ಅದು ಎಲ್ಲರಿಗೂ ಸೇರಿದ್ದು ಎಂದು ಬಹಳ ಜನ ಭಾವಿಸುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಜಾತಿಯ ಗೆಂಡೆಗಳು ನಿಂತ ನೀರಿನ ಕೆರೆಯಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಸನೀರು ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸುವಲ್ಲಿ ಯಶಸ್ವಿಯಾದ ಮೇಲೆಯೇ ಊರೂರಿನ ಕೆರೆಗಳಿಗೆ ಬಿತ್ತನೆ ಮರಿ ಸಿಗುವಂತಾಯಿತು. ಆ ದಿನವನ್ನೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ.

ಅಂದರೆ ನೀವು ಕೆರೆಯಲ್ಲಿ ನೋಡುವ ದೊಡ್ಡ ಗೆಂಡೆಯನ್ನು ಯಾರೋ ದುಡ್ಡು ಕೊಟ್ಟು ಮರಿಯಾಗಿ ತಂದು ಬಿಟ್ಟಿರುತ್ತಾರೆ. ಆ ಕೆರೆಯ ಮೀನು ಪಾಶುವಾರು ಹಕ್ಕನ್ನು, ಅಂದರೆ ಮೀನು ಹಿಡಿಯುವ ಹಕ್ಕನ್ನು, ಹರಾಜಿನಲ್ಲಿಯೋ ಟೆಂಡರಿನಲ್ಲಿಯೋ ಪಡೆದ ಗುತ್ತಿಗೆದಾರರು ಅಥವಾ ಮೀನುಗಾರರ ಸಹಕಾರ ಸಂಘದವರು ಅದರ ಮೇಲೆಯೇ ಬದುಕುತ್ತಿರುತ್ತಾರೆ. ಅವರನ್ನು ಕೇಳದೆ ಗಾಳ ಹಾಕುವುದು ಮತ್ತೊಬ್ಬರ ಬೆಳೆಗೆ ಕೈ ಹಾಕಿದಂತೆಯೇ ಸರಿ. ಮಗು ಹಿಡಿಯುವುದು ಬೆರಳುದ್ದದ ಮೀನಾದರೂ, ಕೇಳಿ ಹಿಡಿಯಬೇಕು ಎಂಬುದು ಅದಕ್ಕೆ ಮೊದಲ ದಿನವೇ ತಿಳಿಯಲಿ.

ತುಂಗಾತೀರ

ಧನ್ಯವಾದ. ಹರಾಜಿನ ಸಂಗತಿ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಹಳ್ಳದ ಮೀನಿಗೆ ಯಾರೂ ಯಾರನ್ನೂ ಕೇಳುವುದಿಲ್ಲ. ಹಾಗಾದರೆ ನಗರದ ಹೊರಗಿನ ಸಣ್ಣ ಹಳ್ಳಿಯ ಕೆರೆಗೆ ಹೋದರೆ ಯಾರನ್ನು ಕೇಳಬೇಕು?

ಹೊಸಕೋಟೆ_ರೈತ

ಸಾರ್, ಸಣ್ಣ ಕೆರೆಗಳು ಹೆಚ್ಚಾಗಿ ಗ್ರಾಮ ಪಂಚಾಯಿತಿಯ ಕೈಯಲ್ಲಿರುತ್ತವೆ, ದೊಡ್ಡವು ಮೀನುಗಾರಿಕೆ ಇಲಾಖೆಯ ಕೈಯಲ್ಲಿ. ಊರಿನ ಟೀ ಅಂಗಡಿಯಲ್ಲಿ ವಿಚಾರಿಸಿದರೆ ಕೆರೆಯನ್ನು ಗುತ್ತಿಗೆ ಹಿಡಿದವರು ಯಾರು ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಮಗು ಜೊತೆಗಿದೆ, ಒಂದು ಬಿದಿರು ಕೋಲಿನ ಗಾಳ ಮಾತ್ರ ಹಾಕುತ್ತೇವೆ ಎಂದು ಮರ್ಯಾದೆಯಿಂದ ಕೇಳಿದರೆ ನಮ್ಮ ಕಡೆ ಇಲ್ಲ ಎನ್ನುವವರು ಕಡಿಮೆ. ರೀಲು, ಎರಡು ಮೂರು ರಾಡು, ದೊಡ್ಡ ಚೀಲ ಹೊತ್ತುಕೊಂಡು ಹೋದರೆ ಮಾತು ಬೇರೆಯಾಗುತ್ತದೆ.

ಅನುಮತಿಗಿಂತ ಮುಖ್ಯವಾದ ಇನ್ನೊಂದು ಮಾತಿದೆ. ನಮ್ಮ ಕೆರೆಗಳು ಸ್ನಾನದ ತೊಟ್ಟಿಯಂತೆ ಎಲ್ಲ ಕಡೆಯೂ ಒಂದೇ ಆಳದವಲ್ಲ. ಹರಿದು ಬರುವ ನೀರಿಗೆ ಅಡ್ಡಲಾಗಿ ಏರಿ ಕಟ್ಟಿ ಮಾಡಿದ ಕೆರೆಗಳಾದ್ದರಿಂದ ಏರಿಯ ಬುಡದಲ್ಲಿ, ಅದರಲ್ಲೂ ತೂಬಿನ ಹತ್ತಿರ, ನೀರು ಅತಿ ಹೆಚ್ಚು ಆಳವಿರುತ್ತದೆ. ಏರಿಯ ಎದುರು ದಿಕ್ಕಿನಲ್ಲಿ, ನೀರು ಬಂದು ಸೇರುವ ಅಂಗಳದ ಕಡೆ, ನೆಲ ನಿಧಾನವಾಗಿ ಇಳಿಜಾರಾಗಿರುತ್ತದೆ. ಪೇಟೆಯಿಂದ ಬಂದವರು ಕಾರು ನಿಲ್ಲಿಸಲು ಅನುಕೂಲ ಎಂದು ಏರಿಯ ಮೇಲೆಯೇ ನಿಂತು, ಅಲ್ಲಿಂದಲೇ ಕಲ್ಲುಕಟ್ಟಡದ ಮೇಲೆ ಮಕ್ಕಳನ್ನು ಇಳಿಸುತ್ತಾರೆ. ಆ ಕಲ್ಲುಗಳ ಮೇಲೆ ನೀರಿನ ಮಟ್ಟದಲ್ಲಿ ಪಾಚಿ ಕಟ್ಟಿರುತ್ತದೆ. ದೊಡ್ಡವರ ಕಾಲೇ ನಿಲ್ಲುವುದಿಲ್ಲ. ಮಗುವಿನೊಂದಿಗೆ ಏರಿಯ ಕಡೆ ಗಾಳ ಹಾಕಲೇಬಾರದು.

ಅಂಗಳದ ಕಡೆಯೂ ಕಣ್ಣು ಮುಚ್ಚಿ ಕೂರುವಂತಿಲ್ಲ. ಹೂಳೆತ್ತುವಾಗ, ಮಣ್ಣು ಹೊಡೆಯುವಾಗ ಜೆಸಿಬಿಯಿಂದ ಅಲ್ಲಲ್ಲಿ ಗುಂಡಿ ತೋಡಿರುತ್ತಾರೆ. ಮಳೆ ಬಂದು ಕೆರೆ ತುಂಬಿದ ಮೇಲೆ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳೆತ್ತರದ ಗುಂಡಿ ಇರುವುದು ಮೇಲಿನಿಂದ ಕಾಣುವುದಿಲ್ಲ. ಬೇಸಗೆಯಲ್ಲಿ ಆ ಕೆರೆಯನ್ನು ಒಣಗಿದ ಸ್ಥಿತಿಯಲ್ಲಿ ನೋಡಿದ ಊರಿನವರೊಬ್ಬರನ್ನು ಕೇಳಿಯೇ ಕೂರುವ ಜಾಗವನ್ನು ಗೊತ್ತುಮಾಡಿಕೊಳ್ಳಿ.

ಮಕ್ಕಳ_ವಾರ್ಡಿನ_ದಾದಿ

ಹೊಸಕೋಟೆಯ ಸಹೋದರರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುವವಳು; ಆದ್ದರಿಂದ ಈ ವಿಷಯದಲ್ಲಿ ಸ್ವಲ್ಪ ಕಟುವಾಗಿ ಬರೆದರೆ ಬೇಸರ ಮಾಡಿಕೊಳ್ಳಬೇಡಿ.

ಮುಳುಗುವ ಮಗು ಕೂಗುತ್ತದೆ, ಕೈ ಬಡಿಯುತ್ತದೆ, ಆಗ ನಾವು ಓಡಿ ಹೋಗಿ ಎತ್ತಿಕೊಳ್ಳಬಹುದು ಎಂಬ ನಂಬಿಕೆ ತಪ್ಪು. ಸಣ್ಣ ಮಕ್ಕಳು ಸದ್ದೇ ಇಲ್ಲದೆ ಮುಳುಗುತ್ತಾರೆ. ಬಾಯಿ ನೀರಿನ ಮಟ್ಟಕ್ಕೆ ಇಳಿದ ಮೇಲೆ ಉಸಿರಾಡುವುದಕ್ಕೇ ಬಿಡುವಿರುವುದಿಲ್ಲ, ಕೂಗುವುದು ಎಲ್ಲಿಂದ ಬಂತು? ಐದು ವರ್ಷದೊಳಗಿನ ಮಗು ನೀರಿನ ಬಳಿ ಇರುವಷ್ಟು ಹೊತ್ತೂ ದೊಡ್ಡವರೊಬ್ಬರು ಕೈ ಚಾಚಿದರೆ ಸಿಗುವಷ್ಟು ದೂರದಲ್ಲೇ ಇರಬೇಕು. ಆ ದೊಡ್ಡವರು ಗಾಳ ಹಾಕುತ್ತಿರಬಾರದು, ಫೋನ್ ನೋಡುತ್ತಿರಬಾರದು, ಫೋಟೋ ತೆಗೆಯುತ್ತಿರಬಾರದು. ಆದ್ದರಿಂದ ಇಬ್ಬರು ದೊಡ್ಡವರು ಹೋಗುವುದು ಒಳ್ಳೆಯದು: ಒಬ್ಬರಿಗೆ ಗಾಳದ ಕೆಲಸ, ಇನ್ನೊಬ್ಬರಿಗೆ ಮಗು ಮಾತ್ರ.

ಮಗುವಿನ ತೂಕಕ್ಕೆ ಸರಿಹೊಂದುವ ಲೈಫ್ ಜಾಕೆಟ್ ತೊಡಿಸಿ. ತೊಡೆಗಳ ನಡುವೆ ಹಾಯುವ ಪಟ್ಟಿ ಇರುವಂಥದ್ದನ್ನೇ ಕೊಳ್ಳಿ, ಇಲ್ಲದಿದ್ದರೆ ಹೆಗಲಿನಲ್ಲಿ ಹಿಡಿದೆತ್ತಿದಾಗ ಮಗು ಕೆಳಗಿನಿಂದ ಜಾರಿಹೋಗುತ್ತದೆ. ಈಜುಕೊಳದಲ್ಲಿ ಬಳಸುವ, ಗಾಳಿ ತುಂಬುವ ತೋಳುಪಟ್ಟಿಗಳು ಆಟಿಕೆಗಳು; ಅವನ್ನು ನಂಬಬೇಡಿ. ಕಾಲಿನಲ್ಲಿ ಗಾಯವಿದ್ದರೆ ಆ ದಿನ ನೀರಿಗೆ ಇಳಿಸಬೇಡಿ, ಏಕೆಂದರೆ ಇಲಿಜ್ವರದ ರೋಗಾಣು ಗಾಯದ ಮೂಲಕ ಒಳಗೆ ಹೋಗಬಲ್ಲದು.

ಬಾಗಲೂರು_ತೋಟ

ಇಷ್ಟೆಲ್ಲ ತೊಡಕಿದ್ದರೆ ಕೆರೆಯ ಸಹವಾಸವೇ ಬೇಡವಲ್ಲವೇ? ನಮ್ಮ ಕಡೆ ಎಷ್ಟೋ ರೈತರ ಬಳಿ ಕೃಷಿ ಹೊಂಡಗಳಿವೆ, ಅದರಲ್ಲಿ ಮೀನನ್ನೂ ಬಿಟ್ಟಿದ್ದಾರೆ. ಚಿಕ್ಕ ಜಾಗ, ಪರಿಚಯದವರ ಜಮೀನು, ಕೊಳಚೆ ನೀರಿನ ಭಯವೂ ಇಲ್ಲ. ಮಗುವಿಗೆ ಅದೇ ಸರಿಯಾದ ಜಾಗ ಎಂದು ನನ್ನ ಅಭಿಪ್ರಾಯ.

ಹೊಸಕೋಟೆ_ರೈತ

ಇಲ್ಲ, ದಯವಿಟ್ಟು ಇದನ್ನು ಯಾರೂ ಪಾಲಿಸಬೇಡಿ. ಕೃಷಿ ಹೊಂಡ ನೋಡಲು ಚಿಕ್ಕದು, ಆದರೆ ನಾಲ್ಕೂ ಕಡೆ ಕಡಿದಾದ ಇಳಿಜಾರು, ಅದರ ಮೇಲೆ ನೀರು ಇಂಗದಂತೆ ಹಾಸಿದ ದಪ್ಪ ಪ್ಲಾಸ್ಟಿಕ್ ಹಾಳೆ. ಅದು ಒದ್ದೆಯಾದ ಮೇಲೆ ಕೈಗೂ ಹಿಡಿತ ಸಿಗುವುದಿಲ್ಲ, ಕಾಲಿಗೂ ಸಿಗುವುದಿಲ್ಲ. ಈಜು ಬಲ್ಲ ಆಳು ಬಿದ್ದರೂ ಮೇಲೆ ಹತ್ತಿ ಬರಲಾರ. ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿದ ಸುದ್ದಿಯನ್ನು ಪ್ರತಿ ವರ್ಷವೂ ಪತ್ರಿಕೆಯಲ್ಲಿ ಓದುತ್ತೇವೆ. ಹೊಂಡದ ಸುತ್ತ ಬೇಲಿ ಹಾಕಿ ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ. ನನ್ನ ಹೊಲದಲ್ಲೂ ಹೊಂಡವಿದೆ; ನಮ್ಮ ಮೊಮ್ಮಕ್ಕಳಿಗೆ ಬೇಲಿಯ ಒಳಗೆ ಪ್ರವೇಶವಿಲ್ಲ. ಗಂಟು ಹಾಕಿದ ಹಗ್ಗವೊಂದನ್ನು ದಡದ ಗೂಟಕ್ಕೆ ಕಟ್ಟಿ ಸದಾ ನೀರಿಗೆ ಇಳಿಬಿಟ್ಟಿರುತ್ತೇವೆ.

ಬಾಗಲೂರು_ತೋಟ

ಹಾಳೆ ಹಾಸಿದ ಹೊಂಡದ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ನಾನು ಹೇಳಿದ್ದು ಹಾಳೆ ಇಲ್ಲದ ಮಣ್ಣಿನ ಕುಂಟೆಗಳ ಬಗ್ಗೆ; ಅಂಥವು ಇನ್ನೂ ಕೆಲವು ಉಳಿದಿವೆ.

ಅಹಿಂಸಾ_ಮಾರ್ಗ

ನನ್ನದು ಬೇರೆಯೇ ಪ್ರಶ್ನೆ. ಬೇರೆಯವರ ಊಟದ ಬಗ್ಗೆ ಮಾತನಾಡುವ ಹಕ್ಕು ನನಗಿಲ್ಲ, ಆ ಉದ್ದೇಶವೂ ಇಲ್ಲ. ಆದರೆ ಹಿಡಿದು, ಫೋಟೋ ತೆಗೆದು, ಮತ್ತೆ ನೀರಿಗೆ ಬಿಡುವ ಪದ್ಧತಿಯೊಂದು ಈಗ ಶುರುವಾಗಿದೆಯಲ್ಲ, ಅದನ್ನು ಐದು ವರ್ಷದ ಮಗುವಿಗೆ ಏನೆಂದು ವಿವರಿಸುತ್ತೀರಿ? ಹಸಿವಿಗಾಗಿ ಕೊಲ್ಲುವುದನ್ನು ಮಗು ಅರ್ಥಮಾಡಿಕೊಳ್ಳಬಲ್ಲದು. ಬಾಯಿಗೆ ಕೊಕ್ಕೆ ಚುಚ್ಚಿ ಎಳೆದು ಮತ್ತೆ ಬಿಡುವುದು ಆಟವೆಂದು ಹೇಳಿಕೊಟ್ಟರೆ, ಇನ್ನೊಂದು ಜೀವದ ನೋವಿನಿಂದ ಸಂತೋಷ ಪಡಬಹುದು ಎಂದು ಕಲಿಸಿದಂತಾಗುವುದಿಲ್ಲವೇ?

ಕಾವೇರಿ_ಗಾಳಗಾರ

ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಹಿಡಿದು ಬಿಡುವ ಪದ್ಧತಿ ಫೋಟೋಕ್ಕಾಗಿ ಹುಟ್ಟಿದ್ದಲ್ಲ. ಕಾವೇರಿಯ ದೊಡ್ಡ ಮಹಶೀರ್ ಮೀನಿನ ಉದಾಹರಣೆ ನೋಡಿ. ಕಿತ್ತಳೆ ಬಣ್ಣದ ರೆಕ್ಕೆಯ, ಬೆನ್ನುಬ್ಬಿದ ಈ ಮೀನಿಗೆ 2018ರಲ್ಲಷ್ಟೇ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು, ಅದೇ ವರ್ಷ ಅದು ಅಳಿವಿನ ಅತ್ಯಂತ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಸಿಡಿಮದ್ದು ಹಾಕಿ ಮೀನು ಕೊಲ್ಲುವವರನ್ನು ತಡೆಯಲು ನದಿಯ ದಂಡೆಯಲ್ಲಿ ಕಾವಲು ಇಟ್ಟವರಲ್ಲಿ ಗಾಳಗಾರರೂ ಇದ್ದರು. ಹಿಡಿದ ಮೀನನ್ನು ತೂಗಿ ಬಿಡುತ್ತ ಅವರು ಬರೆದಿಟ್ಟ ದಾಖಲೆಗಳು ಸಂಶೋಧಕರ ಉಪಯೋಗಕ್ಕೆ ಬಂದಿವೆ. ಮೀನಿನ ಮೇಲೆ ಪ್ರೀತಿ ಹುಟ್ಟುವುದು ಅದನ್ನು ಹತ್ತಿರದಿಂದ ಕಂಡವರಿಗೇ.

ಕೊಕ್ಕೆಯ ತುದಿಯ ಹಿಂದೆ ಇರುವ ಹಿಮ್ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿದರೆ ಅದು ಸುಲಭವಾಗಿ ಕಳಚಿ ಬರುತ್ತದೆ. ಕೈಯನ್ನು ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟಬೇಕು, ಒಣ ಕೈಯಿಂದ ಮುಟ್ಟಿದರೆ ಅದರ ಮೈ ಮೇಲಿನ ಲೋಳೆ ಕಿತ್ತುಹೋಗಿ ರೋಗ ತಗಲುತ್ತದೆ. ನೀರಿನ ಮಟ್ಟದಲ್ಲೇ ಕೊಕ್ಕೆ ಬಿಡಿಸಿ ಕೂಡಲೇ ಬಿಟ್ಟರೆ ಮೀನಿಗೆ ಆಗುವ ತೊಂದರೆ ಬಹಳ ಕಡಿಮೆ.

ಅಹಿಂಸಾ_ಮಾರ್ಗ

ಕಾವೇರಿಯ ಕಾವಲಿನ ಬಗ್ಗೆ ನನಗೆ ಗೌರವವಿದೆ. ಆದರೆ ಇಲ್ಲಿನ ಚರ್ಚೆ ಯಲಹಂಕದ ಪಕ್ಕದ ಕುಂಟೆಯ ಜಿಲೇಬಿ (ತಿಲಾಪಿಯಾ) ಮೀನಿನದು, ಅಲ್ಲಿ ಯಾವ ಸಂಶೋಧನೆಯೂ ನಡೆಯುತ್ತಿಲ್ಲ. ತೊಂದರೆ ಕಡಿಮೆ ಎಂಬುದು ತೊಂದರೆ ಇಲ್ಲ ಎಂಬುದಕ್ಕೆ ಸಮವಲ್ಲ.

ಮಲೆನಾಡಿನ_ಸೊಸೆ

ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ನಮ್ಮ ಮನೆಗಳಲ್ಲಿ ಇದಕ್ಕೊಂದು ಸರಳವಾದ ನಿಯಮವಿತ್ತು: ತಿನ್ನುವಷ್ಟು ಹಿಡಿ, ಹಿಡಿದದ್ದನ್ನು ತಿನ್ನು. ಮಳೆಗಾಲದ ಆರಂಭದಲ್ಲಿ ಮೊಟ್ಟೆ ಇಡಲು ಗದ್ದೆಯ ಕಡೆಗೆ ಏರಿ ಬರುವ ಹತ್ತುಮೀನನ್ನು ಸಿಕ್ಕಷ್ಟೂ ಬಾಚುವುದನ್ನು ನಮ್ಮ ಮಾವನವರು ಒಪ್ಪುತ್ತಿರಲಿಲ್ಲ. ಅದರಂತೆಯೇ ಕೊರಮೀನಿನ ವಿಷಯ. ನೀರಿನ ಮೇಲೆ ಕೆಂಪಗಿನ ಸಣ್ಣ ಮರಿಗಳು ಹಿಡಿಯಷ್ಟು ಜಾಗದಲ್ಲಿ ಗುಂಪುಗೂಡಿ ಕುದಿಯುವಂತೆ ಮೇಲೆ ಕೆಳಗೆ ಆಡುತ್ತಿದ್ದರೆ, ಅವುಗಳ ತಂದೆತಾಯಿ ಸರಿಯಾಗಿ ಅದರ ಅಡಿಯಲ್ಲೇ ಕಾವಲಿರುತ್ತವೆ. ಏನು ಹಾಕಿದರೂ ಸಿಟ್ಟಿನಿಂದ ಬಂದು ಕಚ್ಚುತ್ತವೆ. ಹಿಡಿಯಲು ಅದಕ್ಕಿಂತ ಸುಲಭದ ಸಮಯವಿಲ್ಲ, ಆದರೆ ಹಾಗೆ ಹಿಡಿದರೆ ಮರಿಗಳೆಲ್ಲ ಹಾಳು. ಮಗುವಿಗೆ ಆ ಗುಂಪನ್ನು ತೋರಿಸಿ, ಇಲ್ಲಿ ಗಾಳ ಹಾಕಬಾರದು ಎಂದು ಹೇಳಿ ಮುಂದೆ ಕರೆದುಕೊಂಡು ಹೋಗಿ. ಅವಳಿಗೆ ಅರ್ಥವಾಗುತ್ತದೆ.

ನೀರಿನ_ಪರೀಕ್ಷಕ

ಹಿಡಿದದ್ದನ್ನು ತಿನ್ನು ಎಂಬ ನಿಯಮ ಮಲೆನಾಡಿನ ಹಳ್ಳಕ್ಕೆ ಸರಿ, ಬೆಂಗಳೂರಿನ ಕೆರೆಗೆ ಸಲ್ಲದು. ನನ್ನ ವೃತ್ತಿಯೇ ನೀರಿನ ಮಾದರಿಗಳನ್ನು ಪರೀಕ್ಷಿಸುವುದು, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಾಲಿನ್ಯ ನಿಯಂತ್ರಣ ಮಂಡಳಿಗಳು ನೀರನ್ನು ಅದರ ಬಳಕೆಯ ಯೋಗ್ಯತೆಗೆ ತಕ್ಕಂತೆ ಎ ಯಿಂದ ಇ ವರೆಗೆ ವರ್ಗೀಕರಿಸುತ್ತವೆ. ಇದರಲ್ಲಿ ಡಿ ವರ್ಗ ಎಂದರೆ ವನ್ಯಜೀವಿಗಳಿಗೂ ಮೀನುಗಾರಿಕೆಗೂ ತಕ್ಕ ನೀರು: ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು, ಪಿಎಚ್ (ಆಮ್ಲ-ಕ್ಷಾರದ ಅಳತೆ) 6.5ರಿಂದ 8.5ರೊಳಗೆ ಇರಬೇಕು, ಮುಕ್ತ ಅಮೋನಿಯಾ ಲೀಟರಿಗೆ 1.2 ಮಿಲಿಗ್ರಾಂ ಮೀರಬಾರದು. ಇ ವರ್ಗದ್ದು ನೀರಾವರಿ, ಕಾರ್ಖಾನೆಯ ಯಂತ್ರ ತಂಪು ಮಾಡುವಂಥ ಬಳಕೆಗೆ ಮಾತ್ರ. ನಗರದ ಕೆರೆಗಳಲ್ಲಿ ಹೆಚ್ಚಿನವು ಈ ಎರಡು ಕೆಳಗಿನ ವರ್ಗಗಳಲ್ಲೇ ಇವೆ. ಗಮನಿಸಿ, ಡಿ ವರ್ಗವೆಂದರೆ ಮೀನು ಬದುಕುತ್ತದೆ ಎಂದಷ್ಟೇ. ಆ ಮೀನನ್ನು ಮಗುವಿಗೆ ತಿನ್ನಿಸಬಹುದು ಎಂಬ ಪ್ರಮಾಣಪತ್ರವಲ್ಲ. ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳು ಈ ಅಳತೆಗಳಲ್ಲಿ ಸೇರಿಯೇ ಇಲ್ಲ, ಬೇಯಿಸಿದರೆ ಅವು ಹೋಗುವುದೂ ಇಲ್ಲ. ಬೆಳೆಯುವ ಮಕ್ಕಳ ಮಿದುಳಿಗೆ ಸೀಸದಿಂದ ಆಗುವ ಹಾನಿ ದೊಡ್ಡವರಿಗೆ ಆಗುವುದಕ್ಕಿಂತ ಹೆಚ್ಚು.

ಮೀನು ಬದುಕಿದೆ ಎಂಬುದೂ ನೀರು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ನಮ್ಮ ಕೆರೆಗಳಲ್ಲಿ ಜಿಲೇಬಿ ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಇಷ್ಟೊಂದು ಹೆಚ್ಚಿರುವುದಕ್ಕೆ ಕಾರಣವೇ ಅವು ಕಡಿಮೆ ಆಮ್ಲಜನಕವನ್ನು ತಾಳಿಕೊಳ್ಳುತ್ತವೆ ಎಂಬುದು; ಕ್ಯಾಟ್‌ಫಿಶ್ ಅಂತೂ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲದು. ಅಂಥ ಸಹಿಷ್ಣು ಮೀನುಗಳಿಗೂ ಮಿತಿಯುಂಟು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದು ಬಿದ್ದದ್ದನ್ನು ನಗರದವರು ಮರೆತಿರಲಾರರು. ಬೆಳಗಿನ ಜಾವ ಮೀನುಗಳೆಲ್ಲ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅವಕ್ಕೆ ಉಸಿರು ಸಾಲುತ್ತಿಲ್ಲ ಎಂದರ್ಥ. ಅಂಥ ದಿನ ಗಾಳ ಹಾಕದೆ ಹಿಂದಿರುಗಿ.

ಸಹಕಾರನಗರ_ನಿವಾಸಿ

ಹಾಗಾದರೆ ಜಕ್ಕೂರು ಕೆರೆಯ ದಡದಲ್ಲಿ ಮೀನುಗಾರರಿಂದ ನಾವು ಕೊಳ್ಳುತ್ತಿರುವ ಮೀನೂ ಬೇಡವೇ?

ನೀರಿನ_ಪರೀಕ್ಷಕ

ಒಂದು ಕೆರೆಯ ಹೆಸರು ಹಿಡಿದು, ಪರೀಕ್ಷೆ ಮಾಡದೆ ಹಾಗೆ ಹೇಳಲಾರೆ. ಜಕ್ಕೂರಿನಲ್ಲಿ ಕೊಳಚೆ ನೀರನ್ನು ಶುದ್ಧೀಕರಿಸಿ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ವ್ಯವಸ್ಥೆಯಿದೆ; ಎಲ್ಲ ಕೆರೆಗಳ ಅದೃಷ್ಟ ಹಾಗಿಲ್ಲ. ನಾನು ಹೇಳುವುದಿಷ್ಟೇ: ಯಾವ ನೀರು ಬಂದು ಸೇರುತ್ತದೆ ಎಂದು ಗೊತ್ತಿಲ್ಲದ ಕೆರೆಯ ಮೀನನ್ನು ಐದು ವರ್ಷದ ಮಗುವಿನ ತಟ್ಟೆಗೆ ಹಾಕಬೇಡಿ.

ಹೆಜ್ಜಾರ್ಲೆ

ಪಕ್ಷಿವೀಕ್ಷಕನಾಗಿ ಒಂದು ಬಿನ್ನಹ. ಗಾಳದ ನೈಲಾನ್ ದಾರ, ಅಂದರೆ ತಂಗೂಸಿ, ಗಿಡಕ್ಕೆ ಸಿಕ್ಕಿಕೊಂಡರೆ ಕಡಿದುಕೊಂಡು ಹಾಗೆಯೇ ಬಿಟ್ಟು ಬರುವವರು ಬಹಳ. ಅದು ಕೊಳೆಯುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ನೀರುಕಾಗೆಯೊಂದು ಜಾಲಿಯ ಕೊಂಬೆಗೆ ತಂಗೂಸಿಯಿಂದ ತೂಗಿಕೊಂಡು, ರೆಕ್ಕೆ ಬಿಚ್ಚಿದ ಸ್ಥಿತಿಯಲ್ಲೇ ಸತ್ತಿದ್ದನ್ನು ನಾನು ಕಂಡಿದ್ದೇನೆ. ದಾರ ರೆಕ್ಕೆಯ ಬುಡದಲ್ಲಿ ಮೂಳೆಯವರೆಗೆ ಇಳಿದಿತ್ತು. ಮಗುವಿಗೆ ಒಂದು ಖಾಲಿ ಡಬ್ಬಿ ಕೊಟ್ಟು, ದಂಡೆಯಲ್ಲಿ ಬಿದ್ದ ತಂಗೂಸಿ ತುಂಡುಗಳನ್ನು ದೊಡ್ಡವರು ಹೆಕ್ಕಿ ಅವಳ ಡಬ್ಬಿಗೆ ಹಾಕುವುದನ್ನು ರೂಢಿ ಮಾಡಿ. ಅದರಲ್ಲಿ ಹಳೆಯ ಕೊಕ್ಕೆ ಇರಬಹುದಾದ್ದರಿಂದ ಅವಳು ತಾನೇ ಎತ್ತುವುದು ಬೇಡ.

ವಿಜಯನಗರ_ಅಜ್ಜಿ

ನೀವೆಲ್ಲ ಹೇಳುತ್ತಿರುವುದನ್ನು ಓದಿದೆ. ನಮ್ಮ ಮೊಮ್ಮಗನನ್ನು ಶೃಂಗೇರಿಗೆ ಕರೆದೊಯ್ದಾಗ ತುಂಗೆಯ ಮೀನುಗಳಿಗೆ ಕಡ್ಲೆಪುರಿ ಹಾಕಿ ಅವನು ಪಟ್ಟ ಸಂತೋಷ ಅಷ್ಟಿಷ್ಟಲ್ಲ. ಗಾಳವೂ ಬೇಡ, ಕೊಕ್ಕೆಯೂ ಬೇಡ. ಮನೆಯ ಹತ್ತಿರದ ಕೆರೆಯಲ್ಲೇ ಒಂದು ಪೊಟ್ಟಣ ಪುರಿ ಹಾಕಿದರೆ ಮಗುವಿಗೂ ಹಿತ, ಮೀನಿಗೂ ಹಿತ ಅಲ್ಲವೇನಪ್ಪ?

ಹೆಜ್ಜಾರ್ಲೆ

ಅಮ್ಮ, ನಿಮ್ಮ ಭಾವನೆ ದೊಡ್ಡದು. ಶೃಂಗೇರಿಯಲ್ಲಿ, ಶಿಶಿಲದಲ್ಲಿ ಮೀನನ್ನು ದೇವರದೆಂದು ಕಾಪಾಡಿಕೊಂಡು ಬಂದ ಸಂಪ್ರದಾಯದ ಬಗ್ಗೆ ನನಗೂ ಅಭಿಮಾನವಿದೆ. ಆದರೆ ಅದು ಹರಿಯುವ ನೀರು. ಇಲ್ಲಿ ನಿಂತ ನೀರಿಗೆ ದಿನವೂ ಹತ್ತಾರು ಜನ ಬ್ರೆಡ್ಡು, ಪುರಿ ಸುರಿಯುತ್ತಿದ್ದಾರೆ. ತಿನ್ನದೆ ಉಳಿದದ್ದು ಕೊಳೆಯುವಾಗ ಅದೇ ಮೀನಿಗೆ ಬೇಕಾದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ.

ವಿಜಯನಗರ_ಅಜ್ಜಿ

ಹೀಗೆಂದು ಯಾರೂ ಹೇಳಿರಲಿಲ್ಲ. ಇನ್ನು ಹಾಕಿಸುವುದಿಲ್ಲ ಬಿಡಪ್ಪ. ಹಾಗಾದರೆ ಇಷ್ಟು ಚಿಕ್ಕ ಮಕ್ಕಳು ಏನು ಮಾಡಬೇಕು, ಅದನ್ನೂ ಯಾರಾದರೂ ಹೇಳಿ.

ಕೆರೆ_ಕಾಳಜಿ

ಅಜ್ಜಿಯವರ ಪ್ರಶ್ನೆಗೆ ನನ್ನಲ್ಲೊಂದು ಉತ್ತರವಿದೆ, ಮೂಲ ಪ್ರಶ್ನೆ ಕೇಳಿದವರಿಗೂ ಅದು ಉಪಯೋಗವಾಗಬಹುದು. ಐದರೊಳಗಿನ ಮಕ್ಕಳಿಗೆ ಕೊಕ್ಕೆಗಿಂತ ಜರಡಿ ಮೇಲು. ದೊಡ್ಡ ಗಾತ್ರದ ಟೀ ಸೋಸುವ ಜರಡಿಯೊಂದನ್ನು ಉದ್ದನೆಯ ಕೋಲಿಗೆ ಬಿಗಿಯಾಗಿ ಕಟ್ಟಿ, ಬಿಳಿಯ ಪ್ಲಾಸ್ಟಿಕ್ ಬೇಸಿನ್‌ಗೆ ಕೆರೆಯ ನೀರನ್ನೇ ಅರ್ಧ ತುಂಬಿಸಿಟ್ಟುಕೊಳ್ಳಿ. ಅಂಚಿನ ಹುಲ್ಲಿನ ಬುಡದಲ್ಲಿ ಜರಡಿಯನ್ನು ನಿಧಾನವಾಗಿ ಎಳೆದು ಬೇಸಿನ್‌ಗೆ ಮಗುಚಿ ನೋಡಿ. ಸೊಳ್ಳೆ ಮರಿಗಳನ್ನು ತಿನ್ನಲೆಂದು ಬಿಟ್ಟ ಗಪ್ಪಿ ಮತ್ತು ಗ್ಯಾಂಬೂಸಿಯಾ, ಏರೋಪ್ಲೇನ್ ಚಿಟ್ಟೆಯ ಮರಿ, ಗೊದಮೊಟ್ಟೆ, ಬಸವನಹುಳು, ಎಲ್ಲವೂ ಬಿಳಿಯ ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ ತನ್ನ ಕೆಳತುಟಿಯನ್ನು ಮಡಿಚಿಟ್ಟುಕೊಂಡಿದ್ದು, ಬೇಟೆ ಹತ್ತಿರ ಬಂದಾಗ ಫಕ್ಕನೆ ಮುಂದಕ್ಕೆ ಚಾಚಿ ಹಿಡಿಯುತ್ತದೆ. ಅದನ್ನೊಮ್ಮೆ ಕಂಡ ಮಗು ಬೇಸಿನ್ ಬಿಟ್ಟು ಏಳುವುದಿಲ್ಲ. ನೋಡಿ ಮುಗಿದ ಮೇಲೆ ಬೇಸಿನ್ ಸಮೇತ ಅದೇ ಜಾಗದಲ್ಲಿ ನೀರಿಗೆ ಸುರಿದು, ಸೋಪಿನಿಂದ ಕೈ ತೊಳೆಸಿದರೆ ಆಯಿತು.

ಅಕ್ವೇರಿಯಂನ ಮೀನನ್ನು ಮಾತ್ರ ಎಂದಿಗೂ ಕೆರೆಗೆ ಬಿಡಬೇಡಿ. ಗಾಜು ನೆಕ್ಕುವ ಕಪ್ಪು ಸಕ್ಕರ್ ಮೀನು ಹಾಗೆ ಬಿಟ್ಟವರಿಂದಲೇ ನಮ್ಮ ಕೆರೆಗಳಿಗೆ ಬಂದು ಸೇರಿದೆ.

ಕಾವೇರಿ_ಗಾಳಗಾರ

ಜರಡಿಯ ಉಪಾಯ ಬಹಳ ಚೆನ್ನಾಗಿದೆ, ನಾನೂ ಒಪ್ಪುತ್ತೇನೆ. ಆದರೂ ಅಜ್ಜನ ಗಾಳವನ್ನು ಕಂಡ ಮಗುವಿಗೆ ಗಾಳವೇ ಬೇಕಾಗಿರುತ್ತದೆ, ಅದನ್ನು ಪೂರ್ತಿ ತಪ್ಪಿಸುವುದು ಬೇಡ. ಅಂಗಡಿಯ ರೀಲು, ರಾಡು ಅವಳ ಕೈಗೆ ಭಾರ. ಅವಳ ಎತ್ತರಕ್ಕಿಂತ ತುಸು ಉದ್ದದ ತೆಳ್ಳಗಿನ ಬಿದಿರು ಕೋಲು, ಅಷ್ಟೇ ಉದ್ದದ ದಾರ ಸಾಕು. ದಾರ ಕೋಲಿಗಿಂತ ಉದ್ದವಾದರೆ ಬೀಸುವಾಗ ಕೊಕ್ಕೆ ಯಾರ ಕಿವಿಗೆ ಸಿಗುತ್ತದೆ ಎಂದು ಹೇಳಲಾಗದು. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಂದ ಗೋಲಿಯಷ್ಟು ತುಂಡನ್ನು ಕತ್ತರಿಸಿ, ಬಿಸಿ ಸೂಜಿಯಿಂದ ತೂತು ಮಾಡಿ, ದಾರ ಪೋಣಿಸಿ ಬೆಂಕಿಕಡ್ಡಿಯ ತುಂಡನ್ನು ಬೆಣೆಯಂತೆ ಸಿಕ್ಕಿಸಿದರೆ ನೀರಿನ ಮೇಲೆ ತೇಲುವ ಒಳ್ಳೆಯ ಬೆಂಡು ಆಗುತ್ತದೆ. ಕೆಂಪು ಬಣ್ಣದ ಚಪ್ಪಲಿಯಾದರೆ ಮಗುವಿಗೆ ದೂರದಿಂದಲೂ ಕಾಣುತ್ತದೆ. ಬೆಂಡಿನ ಮೇಲೆ ಕಣ್ಣಿಡುವುದು ಅವಳ ಕೆಲಸ, ಕೊಕ್ಕೆಯನ್ನು ಮುಟ್ಟುವುದು ನಿಮ್ಮ ಕೆಲಸ.

ಬೀಸುವಾಗ ಹಿಂದೆ ಯಾರೂ ಇರಬಾರದು, ಅವಳಿಗೆ ಟೋಪಿ ಮತ್ತು ಸಾದಾ ಕನ್ನಡಕ ಹಾಕಿಸಿ. ಕೊಕ್ಕೆ ಚರ್ಮದೊಳಗೆ ಆಳವಾಗಿ ಇಳಿದರೆ ಅಲ್ಲೇ ಎಳೆದು ಕೀಳಲು ಹೋಗದೆ, ದಾರ ಕತ್ತರಿಸಿ ವೈದ್ಯರ ಬಳಿಗೆ ಹೋಗಿ. ಜಿಲೇಬಿಯ ಬೆನ್ನಿನ ಮುಳ್ಳು, ಕ್ಯಾಟ್‌ಫಿಶ್‌ನ ಪಕ್ಕದ ಮುಳ್ಳು ಎರಡೂ ಚುಚ್ಚುತ್ತವೆ. ಮಗು ಮುಟ್ಟುವುದಾದರೆ ನೀವು ಹಿಡಿದುಕೊಂಡಿರುವಾಗ ಬಾಲದ ಕಡೆ ಮುಟ್ಟಲಿ.

ಮಲೆನಾಡಿನ_ಸೊಸೆ

ಮಗುವಿಗೆ ಬೇಸರ ಬಂದ ಕೂಡಲೇ ಎದ್ದುಬಿಡಿ ಎಂಬುದನ್ನೂ ಸೇರಿಸಿ. ಇನ್ನೂ ಐದು ನಿಮಿಷ, ಈಗ ಕಚ್ಚುತ್ತದೆ ಎಂದು ದೊಡ್ಡವರು ಕುಳಿತುಬಿಡುತ್ತಾರೆ. ಆ ಹೊತ್ತಿಗೇ ಮಗು ಕಲ್ಲು ಎಸೆಯಲು ನೀರಿನ ಅಂಚಿಗೆ ಹೋಗಿರುತ್ತದೆ. ಅಂತರಗಂಗೆ ಬೆಳೆದ ಕೆರೆಯಾದರೆ ಅದು ಹಸಿರು ಹುಲ್ಲುಹಾಸಿನಂತೆ ಕಾಣುತ್ತದೆ, ಕಾಲಿಡಬಹುದು ಎಂದೇ ಮಕ್ಕಳು ತಿಳಿಯುತ್ತಾರೆ. ಒಳ್ಳೆ ಹಾವು ಕಂಡರೆ ಗಾಬರಿಯಾಗಬೇಡಿ, ಅದಕ್ಕೆ ವಿಷವಿಲ್ಲ. ಆದರೆ ಕೆಣಕಿದರೆ ಕಚ್ಚುತ್ತದೆ, ದೂರ ಸರಿದು ನೋಡಿ.

ಅಹಿಂಸಾ_ಮಾರ್ಗ

ಜರಡಿ ಮತ್ತು ಬೇಸಿನ್ ಬಗ್ಗೆ ನನ್ನ ಆಕ್ಷೇಪವೇನೂ ಇಲ್ಲ. ಬಿಸಿಲಿನಲ್ಲಿ ಬೇಸಿನ್‌ನ ನೀರು ಬೇಗ ಕಾಯುತ್ತದೆ, ನೆರಳಿನಲ್ಲಿಟ್ಟು ಬೇಗ ಬಿಟ್ಟುಬಿಡಿ. ಕೊಕ್ಕೆಯ ವಿಷಯದಲ್ಲಿ ನನ್ನ ನಿಲುವು ಮೊದಲಿನದೇ.

ತುಂಗಾತೀರ

ಇಷ್ಟು ಮನಸ್ಸಿಟ್ಟು ಬರೆದ ಎಲ್ಲರಿಗೂ ಕೃತಜ್ಞತೆಗಳು. ನಗರದೊಳಗಿನ ಕೆರೆಗಳಲ್ಲಿ ಗಾಳ ಹಾಕುವ ವಿಚಾರವನ್ನು ಬಿಟ್ಟಿದ್ದೇವೆ. ಅಲ್ಲಿಗೆ ಜರಡಿ, ಬೇಸಿನ್ ಒಯ್ಯಬಹುದೇ ಎಂದು ಕಾವಲುಗಾರರನ್ನು ಕೇಳಿ ನೋಡುತ್ತೇವೆ. ಗಾಳಕ್ಕೆ ದೊಡ್ಡಬಳ್ಳಾಪುರದ ಆಚೆ ನನ್ನ ಸಹೋದ್ಯೋಗಿಯ ಊರಿನ ಸಣ್ಣ ಕೆರೆಗೆ ಹೋಗೋಣವೆಂದು ಹೆಂಡತಿಯೂ ನಾನೂ ಮಾತನಾಡಿಕೊಂಡಿದ್ದೇವೆ. ಆ ಕೆರೆಗೆ ಮಳೆನೀರು ಮಾತ್ರ ಬರುತ್ತದಂತೆ, ಅಂಗಳದ ಕಡೆ ಹೂಳೆತ್ತಿಲ್ಲವಂತೆ. ಆದರೂ ಊರಿನ ಹಿರಿಯರನ್ನು ಕೇಳಿಯೇ ಕೂರುತ್ತೇವೆ. ಹೆಂಡತಿ ಮಗುವಿನ ಜೊತೆ, ನಾನು ಗಾಳದ ಜೊತೆ. ಒಂದೇ ಒಂದು ಮೀನು ಸಿಕ್ಕರೂ ಅವಳ ಮುಂದೆಯೇ ಶುಚಿಗೊಳಿಸಿ ಮನೆಯಲ್ಲಿ ಬೇಯಿಸುವುದೋ, ಬಿಡುವುದೋ ಎಂಬುದರ ಬಗ್ಗೆ ಮನೆಯಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ. ನನಗಂತೂ ಮಲೆನಾಡಿನ ಸೊಸೆಯವರ ನಿಯಮವೇ ಹಿಡಿಸಿತು. ಕೊನೆಯದಾಗಿ, ಎರೆಹುಳುವನ್ನು ಕೊಕ್ಕೆಗೆ ಚುಚ್ಚುವುದನ್ನು ಅವಳು ನೋಡಿ ಅಳಬಹುದು. ಬೇರೆ ಏನನ್ನು ಹಾಕಬಹುದು?

ಹೊಸಕೋಟೆ_ರೈತ

ರಾಗಿ ಮುದ್ದೆ ಸಾಕು ಸಾರ್. ತಣ್ಣಗಾದ ಮುದ್ದೆಗೆ ಸ್ವಲ್ಪ ಪುಡಿ ಮಾಡಿದ ಕಡಲೆಕಾಯಿ ಹಿಂಡಿಯನ್ನು ಸೇರಿಸಿ ಅಂಟು ಬರುವವರೆಗೆ ನಾದಿ, ಕಡಲೆಕಾಳಿನಷ್ಟು ಉಂಡೆ ಮಾಡಿ ಹಾಕಿ. ಉಂಡೆ ಕಟ್ಟುವ ಕೆಲಸವನ್ನು ಮಗುವಿಗೇ ಕೊಡಿ, ಅವಳಿಗೂ ಹೊತ್ತು ಹೋಗುತ್ತದೆ. ಸಣ್ಣ ಗೆಂಡೆಗಳು, ಜಿಲೇಬಿ ಎರಡೂ ಇದಕ್ಕೆ ಬರುತ್ತವೆ. ಹೋಗುವ ಹಿಂದಿನ ದಿನ ಕೆರೆ ಹಿಡಿದವರಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ; ಅವರು ಬಲೆ ಎಳೆಯುವ ದಿನವಾದರೆ ಮೀನು ಬೆದರಿರುತ್ತದೆ, ಗಾಳಕ್ಕೆ ಏನೂ ಬರುವುದಿಲ್ಲ. ಆದರೆ ಬಲೆ ಎಳೆಯುವುದನ್ನು ಮಗುವಿಗೆ ತೋರಿಸಬೇಕೆಂದಿದ್ದರೆ ಆ ದಿನವೇ ಹೋಗಿ, ಬೆಳಗ್ಗೆ ಆರರೊಳಗೆ ಅಲ್ಲಿರಬೇಕು.